ಕಾಡು ಅಣಬೆಗಳ ಸಂಗ್ರಹ ಮತ್ತು ದಾಖಲಾತಿ

ಅರಣ್ಯೋದ್ಯಾನಗಳಲ್ಲಿ, ಅಂದರೆ ಸಾರ್ವಜನಿಕರ ಓಡಾಟಕ್ಕೆ ತೆರೆದಿರುವ ಮರಗಾಡುಗಳಲ್ಲಿ, ತಾನಾಗಿಯೇ ಹುಟ್ಟುವ ಅಣಬೆಗಳನ್ನು ಮಿತ ಪ್ರಮಾಣದಲ್ಲಿ ಎತ್ತಿ, ಗುರುತಿಸಿ, ಒಣಗಿಸಿ, ಅವುಗಳ ವಿವರವನ್ನು ಬರೆದಿಡುವ ಕಾರ್ಯವನ್ನು ಅಣಬೆ ದಾಖಲಾತಿ ಎನ್ನಲಾಗುತ್ತದೆ. ಇದು ಅಡುಗೆಗಾಗಿ ಅಣಬೆ ಆರಿಸುವ ಕೆಲಸಕ್ಕಿಂತ ಭಿನ್ನವಾದುದು. ಆರಿಸುವವನಿಗೆ ಬುಟ್ಟಿ ತುಂಬಬೇಕು. ದಾಖಲಿಸುವವನಿಗೆ ಒಂದೆರಡು ಅಣಬೆ ಸಾಕು, ಆದರೆ ಅವು ಯಾವ ದಿನ, ಯಾವ ಮರದ ಕೆಳಗೆ, ಯಾವ ಮಣ್ಣಿನಲ್ಲಿ ಇದ್ದವು ಎಂಬುದು ತಪ್ಪದೆ ಗೊತ್ತಿರಬೇಕು. ಈ ಮಾಹಿತಿ ಇಲ್ಲದ ಅಣಬೆ ಎಷ್ಟೇ ಅಪರೂಪದ್ದಾದರೂ ವಿಜ್ಞಾನಕ್ಕೆ ಹೆಚ್ಚು ಪ್ರಯೋಜನವಿಲ್ಲ. ಮಾಹಿತಿ ಇರುವ ಸಾಮಾನ್ಯ ಅಣಬೆಯೂ ಅರ್ಧ ಶತಮಾನದ ನಂತರ ಬೆಲೆಬಾಳುವ ಸಾಕ್ಷ್ಯವಾಗಬಲ್ಲದು.

ಈ ಮಾತಿಗೆ ಇಂಗ್ಲೆಂಡಿನ ಸಾಲಿಸ್ಬರಿ ಪಟ್ಟಣದ ಸುತ್ತಲಿನ ದಾಖಲೆಗಳಿಗಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ.

ಸಾಲಿಸ್ಬರಿಯ ದಾಖಲೆ ಪುಸ್ತಕ

ವಿಲ್ಟ್‌ಷೈರ್ ಪ್ರಾಂತದ ಹವ್ಯಾಸಿ ಅಣಬೆ ವೀಕ್ಷಕ ಎಡ್ವರ್ಡ್ ಗ್ಯಾಂಜ್ ಅವರು ಸಾಲಿಸ್ಬರಿಯಿಂದ 30 ಕಿಲೋಮೀಟರ್ ವ್ಯಾಪ್ತಿಯೊಳಗಿನ ಸುಮಾರು 1,400 ಸ್ಥಳಗಳ ಅಣಬೆ ದಾಖಲೆಗಳನ್ನು ಒಟ್ಟುಗೂಡಿಸಿದರು. 1950ರಿಂದ 2005ರವರೆಗಿನ ಈ ದಾಖಲೆಗಳ ಸಂಖ್ಯೆ ಸುಮಾರು 52,000. ಯಾವ ಜಾತಿಯ ಅಣಬೆ ಯಾವ ದಿನಾಂಕದಂದು ಎಲ್ಲಿ ಕಂಡಿತು ಎಂಬುದಷ್ಟೇ ಅವುಗಳ ತಿರುಳು.

ಅವರ ಮಗ, ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ವಿಜ್ಞಾನಿ ಅಲನ್ ಗ್ಯಾಂಜ್ ಮತ್ತು ಸಂಗಡಿಗರು ಈ ದಾಖಲೆಗಳಲ್ಲಿನ 315 ಜಾತಿಗಳನ್ನು ಪರಿಶೀಲಿಸಿ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. 1950ರ ದಶಕದಲ್ಲಿ ಶರತ್ಕಾಲದ ಅಣಬೆಗಳು ಕಾಣಿಸಿಕೊಳ್ಳುವ ಅವಧಿ ಸರಾಸರಿ 33 ದಿನಗಳಾಗಿತ್ತು. 2000ದ ನಂತರದ ವರ್ಷಗಳಲ್ಲಿ ಅದು ಸುಮಾರು 75 ದಿನಗಳಿಗೆ ಹಿಗ್ಗಿತ್ತು. ಅಣಬೆಗಳು ಮೊದಲಿಗಿಂತ ಬೇಗ ಹುಟ್ಟಿ, ತಡವಾಗಿ ಮುಗಿಯುತ್ತಿದ್ದವು. ಶರತ್ಕಾಲದಲ್ಲಿ ಮಾತ್ರ ಕಾಣುತ್ತಿದ್ದ ಕೆಲವು ಜಾತಿಗಳು ವಸಂತದಲ್ಲಿಯೂ ಹುಟ್ಟತೊಡಗಿದ್ದವು. ಹವಾಮಾನದ ಬದಲಾವಣೆಗೆ ಮಣ್ಣಿನೊಳಗಿನ ಜೀವಿಗಳು ಹೇಗೆ ಸ್ಪಂದಿಸುತ್ತಿವೆ ಎಂಬುದನ್ನು ತೋರಿಸಿದ ಮುಖ್ಯ ಅಧ್ಯಯನಗಳಲ್ಲಿ ಇದೂ ಒಂದು.

ಗಮನಿಸಬೇಕಾದ ಸಂಗತಿ ಎಂದರೆ, 1950ರ ದಶಕದಲ್ಲಿ ದಿನಾಂಕ ಬರೆದಿಟ್ಟವರಾರಿಗೂ ಹವಾಮಾನ ಬದಲಾವಣೆಯ ಪ್ರಶ್ನೆ ಮನಸ್ಸಿನಲ್ಲಿರಲಿಲ್ಲ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರಕ್ಕೆ ಬೇಕಾದ ಸಾಮಗ್ರಿ ಸಂಗ್ರಹವಾಗಿತ್ತು.

ಪರಂಪರೆ

ಸಂಘಟಿತವಾಗಿ ಅಣಬೆ ಹುಡುಕಿ ದಾಖಲಿಸುವ ಪದ್ಧತಿ ಬ್ರಿಟನ್ನಿನಲ್ಲಿ 19ನೇ ಶತಮಾನದಲ್ಲಿ ಬೇರೂರಿತು. ಹೆರೆಫರ್ಡ್‌ನ ವೂಲ್‌ಹೋಪ್ ನಿಸರ್ಗಾಸಕ್ತರ ಕ್ಲಬ್ಬಿನ ಸದಸ್ಯರು ವೈದ್ಯ ಹೆನ್ರಿ ಗ್ರೇವ್ಸ್ ಬುಲ್ ಅವರ ಮುಂದಾಳತ್ವದಲ್ಲಿ 1868ರಲ್ಲಿ ನಡೆಸಿದ ಅಣಬೆ ಸಂಚಾರವು ಈ ಬಗೆಯ ಮೊದಲ ಕಾರ್ಯಕ್ರಮವೆಂದು ಪ್ರಸಿದ್ಧವಾಗಿದೆ. 1896ರಲ್ಲಿ ಬ್ರಿಟಿಷ್ ಮೈಕಲಾಜಿಕಲ್ ಸೊಸೈಟಿ ಸ್ಥಾಪನೆಯಾಯಿತು. ವೈದ್ಯರು, ಪಾದ್ರಿಗಳು, ಶಾಲಾ ಶಿಕ್ಷಕರು, ಗೃಹಿಣಿಯರು ಈ ಸಂಚಾರಗಳಲ್ಲಿ ಪಾಲ್ಗೊಂಡರು. ಶಿಲೀಂಧ್ರ ವಿಜ್ಞಾನದಲ್ಲಿ ಹವ್ಯಾಸಿಗಳ ಕೊಡುಗೆ ಇಂದಿಗೂ ಗಣನೀಯವಾಗಿರುವುದಕ್ಕೆ ಈ ಹಿನ್ನೆಲೆ ಕಾರಣ.

ಸಂಗ್ರಹವಾದ ಮಾದರಿಗಳಿಗೆ ನೆಲೆಯೂ ಬೇಕಾಯಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಶಿಲೀಂಧ್ರ ಸಂಗ್ರಹವು 1879ರಲ್ಲಿ ಪಾದ್ರಿ ಹಾಗೂ ಶಿಲೀಂಧ್ರ ತಜ್ಞ ಮೈಲ್ಸ್ ಬರ್ಕ್ಲಿ ಅವರ ಮಾದರಿಗಳೊಂದಿಗೆ ಆರಂಭಗೊಂಡಿತು. ಈಗ ಅಲ್ಲಿ ಸುಮಾರು 12.5 ಲಕ್ಷ ಒಣ ಮಾದರಿಗಳಿವೆ. ಬೀಗಲ್ ನೌಕಾಯಾನದಲ್ಲಿ ಚಾರ್ಲ್ಸ್ ಡಾರ್ವಿನ್ ದಕ್ಷಿಣ ಅಮೆರಿಕದ ತುದಿಯಿಂದ ತಂದ ಶಿಲೀಂಧ್ರವನ್ನು ಪರೀಕ್ಷಿಸಿ ಹೆಸರಿಟ್ಟವರು ಇದೇ ಬರ್ಕ್ಲಿ.

ಇಷ್ಟಾದರೂ ಕೆಲಸ ಆರಂಭದ ಹಂತದಲ್ಲಿದೆ ಎಂದೇ ಹೇಳಬೇಕು. ಕ್ಯೂ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ಅಂದಾಜು 25 ಲಕ್ಷ ಶಿಲೀಂಧ್ರ ಜಾತಿಗಳಿದ್ದು, ಹೆಸರು ಪಡೆದಿರುವುದು ಸುಮಾರು 1.55 ಲಕ್ಷ ಮಾತ್ರ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಇನ್ನೂ ಅನಾಮಧೇಯವಾಗಿದೆ.

ಅಣಬೆ ಕಿತ್ತರೆ ಹಾನಿಯೇ?

ನೆಲದ ಮೇಲೆ ಕಾಣುವ ಅಣಬೆಯು ಶಿಲೀಂಧ್ರದ ಫಲಭಾಗ. ಮಾವಿನ ಮರಕ್ಕೆ ಮಾವಿನಹಣ್ಣು ಹೇಗೋ ಹಾಗೆ. ಶಿಲೀಂಧ್ರದ ನಿಜವಾದ ಶರೀರವು ಬಿಳಿಯ ನೂಲಿನಂತಹ ಎಳೆಗಳ ಜಾಲವಾಗಿ ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ ಅಥವಾ ಮರದೊಳಗೆ ಹರಡಿರುತ್ತದೆ. ಕೆಲವು ಜಾತಿಗಳು ಸತ್ತ ಮರವನ್ನು ಕೊಳೆಸುತ್ತವೆ. ಕೆಲವು ಜೀವಂತ ಮರದ ಬೇರಿಗೆ ಅಂಟಿಕೊಂಡು, ನೀರು ಮತ್ತು ಖನಿಜಾಂಶವನ್ನು ಒದಗಿಸಿ ಪ್ರತಿಯಾಗಿ ಸಕ್ಕರೆಯನ್ನು ಪಡೆಯುತ್ತವೆ. ಇನ್ನು ಕೆಲವು ಮರಕ್ಕೆ ರೋಗ ತರುತ್ತವೆ.

ಫಲಭಾಗವನ್ನು ಎತ್ತಿದರೆ ಜಾಲಕ್ಕೆ ಹಾನಿಯಾಗುತ್ತದೆಯೇ ಎಂಬ ಪ್ರಶ್ನೆಗೆ ಸ್ವಿಟ್ಜರ್ಲೆಂಡಿನ ಲಾ ಶನೇಯಾಜ್ ಮೀಸಲು ಕಾಡಿನಲ್ಲಿ 1975ರಿಂದ 2003ರವರೆಗೆ ಪ್ರಯೋಗ ನಡೆಯಿತು. ಕೆಲವು ತಾಕುಗಳಲ್ಲಿ ಅಣಬೆಗಳನ್ನು ಕ್ರಮವಾಗಿ ಕೀಳಲಾಯಿತು, ಕೆಲವನ್ನು ಹಾಗೆಯೇ ಬಿಡಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೀಳುವುದರಿಂದ ಮುಂದಿನ ವರ್ಷಗಳ ಬೆಳೆಯಾಗಲಿ ಜಾತಿಗಳ ಸಂಖ್ಯೆಯಾಗಲಿ ಕುಗ್ಗಲಿಲ್ಲ. ಆದರೆ ಜನರು ತುಳಿದಾಡಿದ ನೆಲದಲ್ಲಿ ಅಣಬೆಗಳ ಸಂಖ್ಯೆ ಇಳಿಯಿತು. ಕೈಗಿಂತ ಕಾಲಿನಿಂದಲೇ ಹೆಚ್ಚು ತೊಂದರೆ ಎಂಬುದು ಇದರ ಸಾರ.

ಅಂದಮಾತ್ರಕ್ಕೆ ಎಲ್ಲವನ್ನೂ ಕೀಳಬಹುದೆಂದು ಅರ್ಥವಲ್ಲ. ಅಣಬೆಯನ್ನು ಆಹಾರವಾಗಿಯೂ ಸಂತಾನದ ನೆಲೆಯಾಗಿಯೂ ಅವಲಂಬಿಸಿದ ಕೀಟಗಳು ಅನೇಕ. ಮೇಲಾಗಿ, ನಗರದ ಸಮೀಪದ ಉದ್ಯಾನದಲ್ಲಿ ನೂರಾರು ಮಂದಿ ಒಂದೇ ದಿನ ಬಂದರೆ ನೆಲವೇ ಗಟ್ಟಿಯಾಗುತ್ತದೆ. ಆದ್ದರಿಂದ ಗುರುತಿಸಲು ಅಗತ್ಯವಾದಷ್ಟನ್ನೇ ಎತ್ತುವುದು, ಸ್ಥಳದಲ್ಲೇ ಹೆಸರಿಸಬಹುದಾದುದನ್ನು ಮುಟ್ಟದಿರುವುದು, ಉರುಳಿಸಿದ ದಿಮ್ಮಿಯನ್ನು ಮೊದಲಿದ್ದಂತೆಯೇ ಇಡುವುದು ದಾಖಲಿಸುವವರ ಸಾಮಾನ್ಯ ನಿಯಮ.

ಕಾಡಿನಲ್ಲಿ ಮಾಡುವ ಕೆಲಸ

ಬೇಕಾಗುವ ಸಾಮಗ್ರಿ ಸರಳ. ಅಗಲವಾದ ಬುಟ್ಟಿ, ಖಾನೆಗಳಿರುವ ಡಬ್ಬಿ, ಮೇಣದ ಕಾಗದ ಅಥವಾ ಹಳೆಯ ಪತ್ರಿಕೆ, ಚಿಕ್ಕ ಚಾಕು, ಭೂತಗನ್ನಡಿ, ಅಳತೆಪಟ್ಟಿ, ಪೆನ್ಸಿಲ್ ಹಾಗೂ ನೋಟ್‌ಬುಕ್. ಪ್ಲಾಸ್ಟಿಕ್ ಚೀಲವನ್ನು ಬಳಸಬಾರದು. ಅದರೊಳಗೆ ಅಣಬೆ ಬೆವರಿ ಕೆಲವೇ ಗಂಟೆಗಳಲ್ಲಿ ಕೊಳೆಯುತ್ತದೆ.

ಅಣಬೆಯನ್ನು ಮುಟ್ಟುವ ಮೊದಲು ಅದು ಇದ್ದ ಹಾಗೆಯೇ ಛಾಯಾಚಿತ್ರ ತೆಗೆಯಬೇಕು. ಟೋಪಿಯ ಮೇಲ್ಭಾಗ, ಕೆಳಗಿನ ಕಿವಿರುಗಳು ಅಥವಾ ರಂಧ್ರಗಳು, ಕಾಂಡ, ಸುತ್ತಲಿನ ನೆಲ, ಇವೆಲ್ಲವೂ ಚಿತ್ರದಲ್ಲಿರಬೇಕು. ನಂತರ ಬುಡವನ್ನು ಚಾಕುವಿನಿಂದ ಕತ್ತರಿಸದೆ, ಮಣ್ಣನ್ನು ಸಡಿಲಿಸಿ ಇಡಿಯಾಗಿ ಎತ್ತಬೇಕು. ಅತಿ ವಿಷಕಾರಿ ಅಣಬೆಗಳಲ್ಲಿ ಒಂದಾದ ಅಮಾನಿಟಾ ಫ್ಯಾಲಾಯ್ಡಿಸ್‌ನ ಮುಖ್ಯ ಲಕ್ಷಣವಾದ ಚೀಲದಂತಹ ಹೊದಿಕೆ ಇರುವುದು ಕಾಂಡದ ತಳದಲ್ಲಿ, ಮಣ್ಣಿನೊಳಗೆ. ಮೇಲೆಯೇ ಕತ್ತರಿಸಿದವರ ಕೈಗೆ ಆ ಗುರುತು ಸಿಗುವುದಿಲ್ಲ.

ಮನೆ ತಲುಪುವಷ್ಟರಲ್ಲಿ ಮಾಯವಾಗುವ ಲಕ್ಷಣಗಳನ್ನು ಸ್ಥಳದಲ್ಲಿಯೇ ಬರೆದುಕೊಳ್ಳಬೇಕಾಗುತ್ತದೆ. ವಾಸನೆ, ಅಂಟು, ಮುರಿದಾಗ ಒಸರುವ ಹಾಲಿನ ಬಣ್ಣ, ಹಿಸುಕಿದಾಗ ಮಾಂಸ ನೀಲಿಯಾಗುತ್ತದೆಯೇ ಕೆಂಪಾಗುತ್ತದೆಯೇ ಎಂಬುದು ಇಂಥವು. ಸಾಧ್ಯವಾದರೆ ಎಳೆಯದು, ಬಲಿತದ್ದು ಎರಡನ್ನೂ ತೆಗೆದುಕೊಳ್ಳಬೇಕು. ವಯಸ್ಸಿನೊಂದಿಗೆ ಅಣಬೆಯ ರೂಪ ಗುರುತು ಸಿಗದಷ್ಟು ಬದಲಾಗುತ್ತದೆ. ಪ್ರತಿಯೊಂದು ಸಂಗ್ರಹಕ್ಕೂ ಪ್ರತ್ಯೇಕ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಪೊಟ್ಟಣ, ಛಾಯಾಚಿತ್ರ ಹಾಗೂ ಟಿಪ್ಪಣಿಗಳಲ್ಲಿ ಬಳಸಬೇಕು.

ಸುತ್ತಲಿನ ಮರಗಳ ಹೆಸರು ಅತ್ಯಗತ್ಯ. ಕೆಲವು ಜಾತಿಗಳು ಓಕ್ ಮರದ ಬೇರನ್ನು, ಕೆಲವು ಬರ್ಚ್ ಅಥವಾ ಬೀಚ್ ಮರದ ಬೇರನ್ನು ಮಾತ್ರ ಆಶ್ರಯಿಸುತ್ತವೆ. ಮರ ತಿಳಿದರೆ ಸಾಧ್ಯತೆಗಳ ಪಟ್ಟಿ ಅರ್ಧಕ್ಕಿಳಿಯುತ್ತದೆ.

ಬೀಜಕ ಮುದ್ರೆ

ಮನೆಗೆ ತಂದ ಕೂಡಲೇ ಮಾಡಬೇಕಾದ ಕೆಲಸ ಬೀಜಕ ಮುದ್ರೆ ತೆಗೆಯುವುದು. ಅಣಬೆಯ ಟೋಪಿಯನ್ನು ಕಾಂಡದಿಂದ ಬಿಡಿಸಿ, ಕಿವಿರುಗಳು ಕೆಳಮುಖವಾಗಿರುವಂತೆ ಗಾಜಿನ ಹಲಗೆ ಅಥವಾ ಬಿಳಿ ಕಾಗದದ ಮೇಲಿಟ್ಟು, ಮೇಲೆ ಲೋಟ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಗಾಗುವಷ್ಟರಲ್ಲಿ ಉದುರಿದ ಲಕ್ಷಾಂತರ ಬೀಜಕಗಳು ಪುಡಿಯ ಚಿತ್ತಾರವಾಗಿ ಕೂತಿರುತ್ತವೆ. ಅದರ ಬಣ್ಣ ಬಿಳಿ, ಗುಲಾಬಿ, ಕಂದು, ನೇರಳೆಗಪ್ಪು ಅಥವಾ ಕಪ್ಪು ಆಗಿರಬಹುದು. ಈ ಬಣ್ಣವೇ ಗುರುತಿಸುವ ದಾರಿಯ ಮೊದಲ ಕವಲು.

ಇದರ ಮಹತ್ವ ತಿಳಿಯಲು ಉಷ್ಣವಲಯದ ನಗರಗಳ ಹುಲ್ಲುಹಾಸಿನಲ್ಲಿ ಮಳೆಯ ನಂತರ ಏಳುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ಅಣಬೆಯನ್ನು ನೋಡಬಹುದು. ದೊಡ್ಡ ಬಿಳಿ ಛತ್ರಿ, ಮೇಲೆ ಕಂದು ಹುರುಪೆ, ಕಾಂಡಕ್ಕೆ ಉಂಗುರ. ನೋಟಕ್ಕೆ ಇದು ತಿನ್ನಬಹುದಾದ ಛತ್ರಿ ಅಣಬೆಯಂತೆಯೇ ಇರುತ್ತದೆ. ಎಳೆಯದರಲ್ಲಿ ಕಿವಿರುಗಳೂ ಬಿಳಿಯೇ. ಆದರೆ ಬೀಜಕ ಮುದ್ರೆ ಮಾತ್ರ ಹಸಿರು. ಇದನ್ನು ತಿಂದವರಿಗೆ ತೀವ್ರ ವಾಂತಿಭೇದಿ ತಪ್ಪಿದ್ದಲ್ಲ.

ಮುದ್ರೆಯ ನಂತರ ಸೂಕ್ಷ್ಮದರ್ಶಕದ ಸರದಿ. ಬೀಜಕಗಳ ಉದ್ದಗಲವನ್ನು ಮೈಕ್ರೋಮೀಟರ್‌ಗಳಲ್ಲಿ ಅಳೆದು, ಮೈ ನುಣುಪೋ ಮುಳ್ಳೋ ಎಂದು ನೋಡಲಾಗುತ್ತದೆ. ಅಯೋಡಿನ್ ದ್ರಾವಣ ಹಾಕಿದಾಗ ಕೆಲವು ಜಾತಿಗಳ ಬೀಜಕ ನೀಲಿಗಪ್ಪಾಗುತ್ತದೆ. ಸೂಕ್ಷ್ಮದರ್ಶಕವೂ ನಿರ್ಣಯಿಸಲಾಗದ ಸಂದರ್ಭದಲ್ಲಿ ಡಿಎನ್‌ಎ ಪರೀಕ್ಷೆ ನೆರವಿಗೆ ಬರುತ್ತದೆ. ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು ಶಿಲೀಂಧ್ರಗಳ ಗುರುತಿನ ಪಟ್ಟಿಯಾಗಿ ಬಳಸುವ ಪ್ರಸ್ತಾಪವನ್ನು ಅಂತಾರಾಷ್ಟ್ರೀಯ ತಜ್ಞರ ತಂಡ 2012ರಲ್ಲಿ ಮುಂದಿಟ್ಟಿತು. ಈ ಪರೀಕ್ಷೆ ಬಳಕೆಗೆ ಬಂದ ನಂತರ, ಒಂದೇ ಜಾತಿಯೆಂದು ನಂಬಿದ್ದ ಎಷ್ಟೋ ಅಣಬೆಗಳು ಹಲವು ಜಾತಿಗಳಾಗಿ ಬೇರ್ಪಟ್ಟಿವೆ.

ಒಣಗಿಸಿ ಇಡುವುದೇಕೆ?

ಹಾಗೆ ಬೇರ್ಪಟ್ಟಾಗ ಹಳೆಯ ದಾಖಲೆಗಳ ಗತಿಯೇನು? ಪಟ್ಟಿಯಲ್ಲಿ ಹೆಸರು ಮಾತ್ರ ಇದ್ದರೆ, ಅದು ಯಾವ ಜಾತಿಯಾಗಿತ್ತೆಂದು ಹೇಳಲು ದಾರಿಯಿಲ್ಲ. ಒಣ ಮಾದರಿ ಇದ್ದರೆ ಮತ್ತೆ ತೆರೆದು ನೋಡಬಹುದು. ದಶಕಗಳಷ್ಟು ಹಳೆಯ ಒಣ ಅಣಬೆಯಿಂದಲೂ ಡಿಎನ್‌ಎ ಪಡೆದಿರುವ ಉದಾಹರಣೆಗಳಿವೆ. ಈ ಕಾರಣಕ್ಕಾಗಿಯೇ ಅಪರೂಪದ ಅಥವಾ ಸಂದೇಹಾಸ್ಪದ ಜಾತಿಯ ದಾಖಲೆಯನ್ನು ಮಾದರಿಯಿಲ್ಲದೆ ತಜ್ಞರು ಸುಲಭವಾಗಿ ಒಪ್ಪುವುದಿಲ್ಲ. ಛಾಯಾಚಿತ್ರ ಉಪಯುಕ್ತವೇ ಹೌದು, ಆದರೆ ಬೀಜಕದ ಅಳತೆಯನ್ನು ಅದು ಹೇಳಲಾರದು.

ಮಾದರಿಯನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ, ಮುರಿದರೆ ಚಟ್ಟೆಂದು ಸದ್ದಾಗುವವರೆಗೆ ಒಣಗಿಸಲಾಗುತ್ತದೆ. ಹೆಚ್ಚು ಕಾವು ಕೊಟ್ಟರೆ ಅಣಬೆ ಬೆಂದುಹೋಗಿ ಪರೀಕ್ಷೆಗೆ ಒದಗುವುದಿಲ್ಲ. ಒಣಗಿದ್ದನ್ನು ಕಾಗದದ ಪೊಟ್ಟಣದಲ್ಲಿಟ್ಟು, ಹುಳು ನಾಶವಾಗಲು ಕೆಲವು ದಿನ ಶೀತಕದಲ್ಲಿ ಇರಿಸಿ, ಬಳಿಕ ಸಂಗ್ರಹಾಲಯಕ್ಕೆ ಒಪ್ಪಿಸಲಾಗುತ್ತದೆ. ಪೊಟ್ಟಣದ ಮೇಲಿನ ಚೀಟಿಯಲ್ಲಿ ಜಾತಿಯ ಹೆಸರು, ಸ್ಥಳ ಮತ್ತು ಅದರ ಅಕ್ಷಾಂಶ ರೇಖಾಂಶ, ದಿನಾಂಕ, ಆಶ್ರಯಿಸಿದ ಮರ ಅಥವಾ ನೆಲದ ಬಗೆ, ಸಂಗ್ರಹಿಸಿದವರ ಹೆಸರು, ಗುರುತಿಸಿದವರ ಹೆಸರು ಮತ್ತು ಸಂಗ್ರಹ ಸಂಖ್ಯೆ ಇರಬೇಕು. ಗುರುತು ಖಚಿತವಿಲ್ಲದಿದ್ದರೆ ಹಾಗೆಂದೇ ಬರೆಯಬೇಕು. ಊಹೆಯ ಹೆಸರಿಗಿಂತ ‘ಗುರುತಿಸಿಲ್ಲ’ ಎಂಬ ಪ್ರಾಮಾಣಿಕ ಟಿಪ್ಪಣಿ ಮೇಲು.

ಕಾನೂನಿನ ಮಿತಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಳ್ಳತನ ಕಾಯಿದೆಯ ಪ್ರಕಾರ, ಕಾಡು ಅಣಬೆಯನ್ನು ಮಾರಾಟದ ಉದ್ದೇಶವಿಲ್ಲದೆ ಕಿತ್ತರೆ ಅದು ಕಳ್ಳತನವೆನಿಸುವುದಿಲ್ಲ. ಆದರೆ ಉದ್ಯಾನಗಳ ಸ್ಥಳೀಯ ನಿಯಮಗಳು ಇದಕ್ಕಿಂತ ಬಿಗಿ. ಲಂಡನ್ನಿನ ಅಂಚಿನಲ್ಲಿರುವ ಸುಮಾರು 2,400 ಹೆಕ್ಟೇರುಗಳ ಎಪಿಂಗ್ ಅರಣ್ಯವನ್ನು 1878ರ ವಿಶೇಷ ಕಾಯಿದೆಯಡಿ ಸಿಟಿ ಆಫ್ ಲಂಡನ್ ಕಾರ್ಪೊರೇಷನ್ ಜನರ ವಿಹಾರಕ್ಕಾಗಿ ಕಾಯ್ದುಕೊಂಡು ಬಂದಿದೆ. ಮುದಿ ಬೀಚ್ ಮರಗಳಿಗೂ ಅಣಬೆಗಳಿಗೂ ಹೆಸರಾದ ಈ ಕಾಡಿನಲ್ಲಿ ಅನುಮತಿಯಿಲ್ಲದೆ ಅಣಬೆ ಕೀಳುವುದು ಅಪರಾಧ. ರಿಚ್ಮಂಡ್ ಪಾರ್ಕ್‌ನಲ್ಲಿಯೂ ನಿಷೇಧವಿದೆ. ಅಧ್ಯಯನಕ್ಕಾಗಿ ಎತ್ತುವವರು ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು.

1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆಯ ಎಂಟನೆಯ ಅನುಸೂಚಿಯಲ್ಲಿರುವ ಕೆಲವೇ ಶಿಲೀಂಧ್ರಗಳನ್ನಂತೂ ಬ್ರಿಟನ್ನಿನಲ್ಲಿ ಯಾರೂ ಪರವಾನಗಿ ಇಲ್ಲದೆ ಕೀಳುವಂತಿಲ್ಲ. ಅವುಗಳಲ್ಲಿ ಹೆರಿಸಿಯಮ್ ಎರಿನೇಸಿಯಸ್ ಒಂದು. ‘ಲಯನ್ಸ್ ಮೇನ್’ ಎಂಬ ಹೆಸರಿನಲ್ಲಿ ಕೃಷಿ ಮಾಡಿ ನಗರದ ಅಂಗಡಿಗಳಲ್ಲಿ ಮಾರಲಾಗುವ ಅಣಬೆ ಇದೇ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಶಿಲೀಂಧ್ರ ಮಾದರಿಗಳ ವ್ಯವಸ್ಥಿತ ಸಂಗ್ರಹ ಬಿಹಾರದ ಪೂಸಾದಲ್ಲಿ 1905ರಲ್ಲಿ ಎಡ್ವಿನ್ ಜಾನ್ ಬಟ್ಲರ್ ಅವರಿಂದ ಆರಂಭವಾಯಿತು. ಅದು ಈಗ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ. ಪುಣೆಯ ಅಗರ್‌ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ಅಜ್ರೇಕರ್ ಶಿಲೀಂಧ್ರ ಸಂಗ್ರಹವು ಮತ್ತೊಂದು ಮುಖ್ಯ ನೆಲೆ.

ಕರ್ನಾಟಕದಲ್ಲಿ ಅಣಬೆಯ ಜ್ಞಾನ ಹೊಸದಲ್ಲ. ಹುತ್ತದ ಮೇಲೆ ಏಳುವ ಅಣಬೆ ಯಾವ ಮಳೆಗೆ ಬರುತ್ತದೆಂಬುದು ಮಲೆನಾಡಿನ ಮನೆಮನೆಗೂ ಗೊತ್ತು. ಗೆದ್ದಲುಗಳು ತಮ್ಮ ಗೂಡಿನೊಳಗೆ ಬೆಳೆಸುವ ಈ ಶಿಲೀಂಧ್ರಕ್ಕೆ ವಿಜ್ಞಾನದಲ್ಲಿ ಟರ್ಮಿಟೊಮೈಸಿಸ್ ಎಂದು ಹೆಸರು. ಕರಾವಳಿಯಲ್ಲಿ ಮೊದಲ ಗುಡುಗು ಮಳೆಯೊಂದಿಗೆ ಕಾಣಿಸಿಕೊಳ್ಳುವ ಉರುಟಾದ ಕಲ್ಲಣಬೆಗೆ ಮಾರುಕಟ್ಟೆಯಲ್ಲಿ ಭಾರಿ ಬೆಲೆ. ಕೊಡಗಿನಲ್ಲಿ ‘ಕುಮ್ಮು’ ಮಳೆಗಾಲದ ಅಡುಗೆಯ ಭಾಗವೇ ಆಗಿದೆ. ಆದರೆ ಈ ತಿಳಿವಳಿಕೆಯ ಬಹುಪಾಲು ಬಾಯಿಂದ ಬಾಯಿಗೆ ಬಂದದ್ದು. ‘ಮೊದಲೆಲ್ಲ ಬುಟ್ಟಿಗಟ್ಟಲೆ ಸಿಗುತ್ತಿತ್ತು’ ಎಂಬ ಹಿರಿಯರ ಮಾತು ನಿಜವಿರಬಹುದು. ಎಷ್ಟು ಕಡಿಮೆಯಾಯಿತು, ಯಾವ ವರ್ಷದಿಂದ, ಯಾವ ಗುಡ್ಡದಲ್ಲಿ ಎಂದು ಕೇಳಿದರೆ ನೆನಪು ಉತ್ತರಿಸಲಾರದು. ದಿನಾಂಕ ಬರೆದಿಟ್ಟ ನೋಟ್‌ಬುಕ್ ಮಾತ್ರ ಉತ್ತರಿಸಬಲ್ಲದು.

ಈ ಕೆಲಸ ಮಾಡಬಯಸುವ ನಗರವಾಸಿಗಳು ಕಾನೂನನ್ನು ಅರಿತಿರಬೇಕು. ಬನ್ನೇರುಘಟ್ಟದಂತಹ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ವನ್ಯಜೀವಿಧಾಮಗಳಲ್ಲಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನ್ವಯವಾಗುತ್ತದೆ. ಅನುಮತಿ ಇಲ್ಲದೆ ಅಣಬೆಯನ್ನೂ ಹೊರತರುವಂತಿಲ್ಲ. ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯಿದೆ ಇದೆ. ಬೆಂಗಳೂರಿನ ಕಬ್ಬನ್ ಉದ್ಯಾನ ಮತ್ತು ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ಉಸ್ತುವಾರಿಯಲ್ಲಿದ್ದು, 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆಗೆ ಒಳಪಟ್ಟಿವೆ. ವಿದೇಶಿಯರು ಮಾದರಿ ಪಡೆಯಲು 2002ರ ಜೀವವೈವಿಧ್ಯ ಕಾಯಿದೆಯಡಿ ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿ ಬೇಕು.

ಅನುಮತಿ ಇಲ್ಲದವರಿಗೂ ದಾರಿ ಮುಚ್ಚಿಲ್ಲ. ಜನರ ಓಡಾಟಕ್ಕೆ ತೆರೆದಿರುವ ಉದ್ಯಾನದಲ್ಲಿ ಅಣಬೆಯನ್ನು ಎತ್ತದೆ ಛಾಯಾಚಿತ್ರ, ದಿನಾಂಕ, ಸ್ಥಳ ಹಾಗೂ ಮರದ ಹೆಸರನ್ನು ದಾಖಲಿಸಬಹುದು. 2008ರಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಮತ್ತು ಐನ್ಯಾಚುರಲಿಸ್ಟ್ ತಾಣಗಳು ಇಂತಹ ದಾಖಲೆಗಳನ್ನು ಸ್ವೀಕರಿಸುತ್ತವೆ. ಸ್ವಂತ ತೋಟವಿರುವವರು ಮಾದರಿಯನ್ನೂ ಒಣಗಿಸಿಟ್ಟು, ಸಮೀಪದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ನೆರವು ಕೋರಬಹುದು.

ತಿನ್ನುವ ಪ್ರಶ್ನೆ

ದಾಖಲಾತಿಗೆಂದು ತಂದ ಅಣಬೆಯನ್ನು ಎಂದಿಗೂ ಅಡುಗೆಗೆ ಬಳಸಬಾರದು. 2022ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಂ ರಾಜ್ಯದಲ್ಲಿ ಕಾಡು ಅಣಬೆ ತಿಂದು 13 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕಾರ್ಮಿಕ ಕುಟುಂಬಗಳಿಗೆ ಸೇರಿದವರು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ಅಣಬೆ ವಿಷವಲ್ಲ, ಹುಳು ತಿಂದಿದ್ದರೆ ಮನುಷ್ಯರೂ ತಿನ್ನಬಹುದು ಎಂಬ ನಂಬಿಕೆಗಳಿಗೆ ಆಧಾರವಿಲ್ಲ. ಅಮಾನಿಟಾ ಜಾತಿಯ ಮಾರಕ ವಿಷವು ಬೇಯಿಸಿದರೂ ಒಣಗಿಸಿದರೂ ನಾಶವಾಗುವುದಿಲ್ಲ. ತಿಂದು ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಸಮಯ ಕಳೆದ ಮೇಲೆ ವಾಂತಿಭೇದಿ ಆರಂಭವಾಗಿ, ನಡುವೆ ಚೇತರಿಸಿದಂತೆ ಕಂಡು, ನಂತರ ಯಕೃತ್ತು ಕುಸಿಯುತ್ತದೆ. ಶಂಕೆ ಬಂದ ತಕ್ಷಣ ಉಳಿದ ಅಣಬೆಯೊಂದಿಗೆ ಆಸ್ಪತ್ರೆಗೆ ಧಾವಿಸುವುದೊಂದೇ ಮಾರ್ಗ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳೂ ದಾಖಲಿಸುವವರ ಪ್ರಶ್ನೆಗಳೇ: ಯಾವ ಅಣಬೆ, ಎಲ್ಲಿಯದು, ಯಾವಾಗ?

ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ 2025ರ ಮಾರ್ಚ್ ವೇಳೆಗೆ ಸುಮಾರು 1,300 ಶಿಲೀಂಧ್ರ ಜಾತಿಗಳ ಸ್ಥಿತಿಗತಿ ದಾಖಲಾಗಿತ್ತು. ಅವುಗಳಲ್ಲಿ 411 ಅಪಾಯದ ಅಂಚಿನಲ್ಲಿರುವುದಾಗಿ ತಿಳಿದುಬಂದಿತು. ಹೆಸರಿರುವ 1.55 ಲಕ್ಷ ಜಾತಿಗಳ ಎದುರು ಇದು ಅತ್ಯಲ್ಪ. ಉಳಿದವು ಸುರಕ್ಷಿತವೆಂದು ಇದರ ಅರ್ಥವಲ್ಲ. ಯಾರೂ ಇನ್ನೂ ಲೆಕ್ಕ ಹಾಕಿಲ್ಲವೆಂದಷ್ಟೇ ಅರ್ಥ. ಈ ಮಳೆಗಾಲದಲ್ಲಿ ಮರದ ಬುಡದಲ್ಲಿ ಕಂಡ ಅಣಬೆಯ ದಿನಾಂಕವನ್ನು ಬರೆದಿಡುವವರು ಆ ಲೆಕ್ಕಕ್ಕೆ ಒಂದು ಸಾಲನ್ನು ಸೇರಿಸುತ್ತಾರೆ.